ಜೋತುಬಿದ್ದ ಕಾರು ಬಾಗಿಲು: ಬಡಗಿಯಿಂದ ವೆಲ್ಡರ್‌ವರೆಗೆ

ಕಾರಿನ ಬಾಗಿಲಿನ ಭಾರವನ್ನೆಲ್ಲ ಒಂದೇ ಪಕ್ಕದ ಎರಡೋ ಮೂರೋ ಕೀಲುಗಳು ಹೊರುತ್ತವೆ. ಕೀಲು ಸವೆದರೂ, ಕೀಲು ಹಿಡಿದ ಕಂಬ ಸಡಿಲವಾದರೂ, ಕಂಬ ನಿಂತ ತಳವೇ ಕುಸಿದರೂ ಹಿಡಿಕೆಯ ಕಡೆಯ ಅಂಚು ಕೆಳಗಿಳಿಯುತ್ತದೆ. ಇವುಗಳಲ್ಲಿ ಮೊದಲು ಸೋಲುವುದು ಯಾವುದೆಂಬುದು ಕಾರು ಯಾವ ಕಾಲದ್ದು ಎಂಬುದರ ಮೇಲಿದೆ.

ಮೊದಮೊದಲು ಕಾರಿನ ಬಾಡಿ ಕಟ್ಟಿದವರಲ್ಲಿ ಬಹಳ ಮಂದಿ ಸಾರೋಟು ಕಟ್ಟುತ್ತಿದ್ದವರೇ. ಆ್ಯಶ್ ಮರದ ಚೌಕಟ್ಟಿಗೆ ತೆಳು ತಗಡನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಆ್ಯಶ್ ಚೆನ್ನಾಗಿ ಬಾಗುತ್ತದೆ, ಕುಲುಕಾಟ ತಾಳುತ್ತದೆ. ತೇವಕ್ಕೆ ಮಾತ್ರ ಸೋಲುತ್ತದೆ. ಕಂಬದ ಬುಡ ಕೊಳೆತರೆ ಸ್ಕ್ರೂಗೆ ಹಿಡಿತ ಉಳಿಯದು. ಬಾಗಿಲಿನೊಳಗಿನ ಮರದ ಸೇರುವೆ ಸಡಿಲಿದರೆ ಬಾಗಿಲೇ ಓರೆಯಾಗುತ್ತದೆ. ಆಗ ಕೆಲಸ ಬಡಗಿಯದು. ಕೊಳೆತ ಮರ ತೆಗೆದು ಹೊಸದು ಸೇರಿಸಬೇಕು, ಇಲ್ಲವೇ ಬಾಗಿಲೊಳಗೆ ಓರೆಯಾಗಿ ಒಂದು ಕಂಬಿ ಬಿಗಿಯಬೇಕು. ಕೀಲಿನ ಕಡೆಯ ಮೇಲ್ಮೂಲೆಯಿಂದ ಬೀಗದ ಕಡೆಯ ಕೆಳಮೂಲೆಗೆ ಹೋಗುವ ಆ ಕಂಬಿಯ ನಟ್ಟು ತಿರುಗಿಸಿದಂತೆ ಇಳಿದ ಮೂಲೆ ಮೇಲೇರುತ್ತದೆ. ಅಗ್ಗದ, ಆದರೆ ಜಾಣ ಉಪಾಯ.

ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಂಪನಿ 1914ರಲ್ಲೇ ಡಾಡ್ಜ್ ಸೋದರರ ಕಾರಿಗೆ ಪೂರ್ತಿ ಉಕ್ಕಿನ ಬಾಡಿ ಒದಗಿಸಿತು. ಆದರೂ ಮರ ಬೇಗ ಜಾಗ ಬಿಡಲಿಲ್ಲ. ಬ್ರಿಟನ್ನಿನ ಎಂಜಿ ಟಿ ಸರಣಿಯ ಕಾರುಗಳು 1955ರವರೆಗೂ ಆ್ಯಶ್ ಚೌಕಟ್ಟಿನ ಮೇಲೆಯೇ ಬಂದವು. ಮಾಲ್ವರ್ನ್‌ನ ಮಾರ್ಗನ್ ಕಂಪನಿಯಂತೂ 21ನೇ ಶತಮಾನದಲ್ಲೂ ಆ್ಯಶ್ ಬಿಟ್ಟಿಲ್ಲ.

ಉಕ್ಕು ಬಂದ ಮೇಲೆ ಸವೆತ ಕೀಲಿನ ಪಿನ್ನಿಗೂ ಅದರ ಸುತ್ತಲಿನ ಕೊಳವೆಯಾದ ಬುಷ್‌ಗೂ ಸರಿಯಿತು. 1970ರಲ್ಲಿ ಬಂದ ಎರಡನೇ ಪೀಳಿಗೆಯ ಷೆವರ್ಲೆ ಕ್ಯಾಮರೋದಂಥ ಎರಡು ಬಾಗಿಲ ಕಾರುಗಳಲ್ಲಿ ಬಾಗಿಲು ಉದ್ದ, ಭಾರವೂ ಹೆಚ್ಚು. ಹಾಗಾಗಿ ಬುಷ್ ಬೇಗ ಸವೆಯುತ್ತದೆ. ಬಾಗಿಲು ತೆರೆದು ಅಂಚನ್ನು ಮೇಲೆತ್ತಿ ನೋಡಿದರೆ ಆಟ ಕೈಗೇ ತಿಳಿಯುತ್ತದೆ. ಬಾಗಿಲ ಕೆಳಗೆ ಜಾಕ್ ಕೊಟ್ಟು, ಹಳೆಯ ಪಿನ್ ತಟ್ಟಿ ತೆಗೆದು ಹೊಸ ಪಿನ್, ಬುಷ್ ಹಾಕುತ್ತಾರೆ. ತೂತು ಅಂಡಾಕಾರವಾಗಿದ್ದರೆ ಅದನ್ನು ಕೊರೆದು ದಪ್ಪ ಪಿನ್ ಕೂರಿಸಬೇಕು. ಕೀಲಿನ ಸಂದಿನಲ್ಲಿ ಮರದ ತುಂಡಿಟ್ಟು ಬಾಗಿಲನ್ನು ಒತ್ತಿ ಕೀಲು ಬಗ್ಗಿಸುವ ರೂಢಿಯೂ ಇದೆ. ಅದು ಸವೆತವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ.

ಚಾಸಿಯೂ ಬಾಡಿಯೂ ಒಂದೇ ಆದ ಕಾರುಗಳ ಸಂಗತಿ ಬೇರೆ. ಮಾರಿಸ್ ಆಕ್ಸ್‌ಫರ್ಡ್ ಅಂಥದ್ದು. ಅದರಿಂದ ಹುಟ್ಟಿ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ, ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಕೂಡ ಅಂಥದ್ದೇ. ಇಲ್ಲಿ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆಯೂ ಭಾರ ಹೊರುತ್ತದೆ. ಒಳಗಿನಿಂದ ತುಕ್ಕು ತಿಂದು ತೊಲೆ ಬಲಗುಂದಿದರೆ ಕಾರಿನ ನಡುವೇ ಕುಸಿದು, ಬಾಗಿಲ ಮೇಲಂಚಿನ ಸಂದು ಕಿರಿದಾಗುತ್ತದೆ. ಛಾವಣಿಯಿಲ್ಲದ ಕಾರುಗಳಲ್ಲಿ ಇದು ಇನ್ನೂ ತೀವ್ರ. ತುಕ್ಕು ಕತ್ತರಿಸುವ ಮುನ್ನ ವೆಲ್ಡರ್ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆದು ಸಂದಿನ ಅಳತೆಯನ್ನು ಹಿಡಿದಿಡುತ್ತಾನೆ. ಇಲ್ಲವಾದರೆ ಕುಸಿದ ಆಕಾರವೇ ಕಾಯಂ ಆಗಿಬಿಡುತ್ತದೆ. ಹೊಸ ತೊಲೆ ಕೂತ ನಂತರವೇ ಬಾಗಿಲು ತೂಗುಹಾಕಿ, ಕೀಲಿನಡಿ ಶಿಮ್ ಎಂಬ ತೆಳು ತಗಡಿನ ತುಂಡು ಕೊಟ್ಟು, ಕೊನೆಗೆ ಬೀಗದ ಕೊಂಡಿಯನ್ನು ಸರಿಹೊಂದಿಸುತ್ತಾರೆ.