ನೂಲು ತೊಳೆದ ಹೊಳೆ

ಬರುವ ಮೇ ತಿಂಗಳಲ್ಲಿ ಅಪ್ಪ ಇಳಕಲ್ಲಿನಿಂದ ಕಲೋನ್‌ಗೆ, ನನ್ನ ಮನೆಗೆ ಬರುತ್ತಿದ್ದಾರೆ. ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ವುಪ್ಪರ್ಟಾಲ್‌ಗೆ ಅವರನ್ನು ಒಂದೂವರೆ ದಿನದ ಮಟ್ಟಿಗೆ ಕರೆದೊಯ್ಯಬೇಕೆಂದಿದ್ದೇನೆ. ಹೊಳೆಯ ಮೇಲೆ ತೂಗಾಡುತ್ತ ಓಡುವ ರೈಲಿನ ಸುದ್ದಿಯನ್ನು ಫೋನಿನಲ್ಲಿ ಹೇಳಿದೆ. ಅಪ್ಪ ರೈಲಿನ ಬಗ್ಗೆ ಏನೂ ಕೇಳಲಿಲ್ಲ. "ಆ ಹೊಳಿ ನೀರು ಹೆಂಗದವ್ವಾ? ಗಡಸೋ, ಮೆತ್ತಗೋ?" ಅಂದರು.

ನಲವತ್ತು ವರ್ಷ ಸೀರೆಯ ನೂಲಿಗೆ ಬಣ್ಣ ಹಾಕಿದವರ ಪ್ರಶ್ನೆ ಅದು. ನೀರು ಗಡಸಾದರೆ ಲಡಿಯ ಒಂದು ಮಗ್ಗುಲಿಗೆ ಬಣ್ಣ ಹತ್ತುತ್ತದೆ, ಇನ್ನೊಂದು ಮಗ್ಗುಲು ಮಂಕಾಗಿ ಉಳಿಯುತ್ತದೆ. "ನೀರು ಚಲೋ ಇದ್ರ ಬಣ್ಣ ತಾನ ಹಿಡಿತದ" ಎನ್ನುವುದು ನಮ್ಮ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತು. ನೋಡಬೇಕಾದ ಜಾಗಗಳ ಪಟ್ಟಿಯನ್ನು ಬದಿಗಿಟ್ಟು ವುಪ್ಪರ್ ಹೊಳೆಯ ಕಥೆ ಓದಲು ಕುಳಿತೆ. ಅಪ್ಪ ಹಿಡಿದ ಎಳೆ ಸರಿಯಾಗಿತ್ತು. ಆ ಊರು ಹುಟ್ಟಿದ್ದೇ ನೀರಿನ ಗುಣದಿಂದ.

ಕಲೋನ್‌ನ ನಲ್ಲಿ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಬೆಟ್ಟಗಳ ನಡುವೆ ಹರಿದು ಬರುವ ವುಪ್ಪರ್‌ನಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಐನೂರು ವರ್ಷಗಳ ಹಿಂದೆ ಆ ಕಣಿವೆಯ ಜನ ನಾರಗಸೆ ನೂಲನ್ನು ಹುಲ್ಲುಗಾವಲಿನಲ್ಲಿ ಹರಡಿ, ಹೊಳೆಯ ನೀರು ಚಿಮುಕಿಸುತ್ತ, ಬಿಸಿಲಿಗೆ ಬೆಳ್ಳಗೆ ಮಾಡುತ್ತಿದ್ದರು. 1527ರಲ್ಲಿ ಬೆರ್ಗ್ ಪ್ರಾಂತ್ಯದ ಡ್ಯೂಕ್ ತನ್ನ ಸೀಮೆಯಲ್ಲಿ ನೂಲು ಬಿಳಿಮಾಡುವ ಹಕ್ಕನ್ನು ಬಾರ್ಮೆನ್ ಮತ್ತು ಎಲ್ಬರ್ಫೆಲ್ಡ್ ಎಂಬ ಎರಡೇ ಊರುಗಳಿಗೆ ಬರೆದುಕೊಟ್ಟ. ಬೇರೆ ಯಾರೂ ಆ ಕಸುಬು ಮಾಡುವಂತಿರಲಿಲ್ಲ. ಇವೆರಡೂ ಊರು ಅಕ್ಕಪಕ್ಕದವರೊಂದಿಗೆ 1929ರಲ್ಲಿ ಕೂಡಿ ಒಂದೇ ನಗರವಾದವು. ಮರುವರ್ಷ ಅದಕ್ಕೆ ವುಪ್ಪರ್ಟಾಲ್, ಅಂದರೆ ವುಪ್ಪರ್ ಕಣಿವೆ, ಎಂಬ ಹೆಸರು ಬಂತು.

ಬೆಳ್ಳಗಾದ ನೂಲಿನ ಹಿಂದೆ ಮಗ್ಗ ಬಂತು, ಲಾಡಿ ನೇಯುವವರು ಬಂದರು, ಬಣ್ಣಗಾರರು ಬಂದರು. ಇಲ್ಲಿಯ 'ಟರ್ಕಿ ಕೆಂಪು' ಹೆಸರುವಾಸಿಯಾಯಿತು. ಎಣ್ಣೆ, ಪಟಕ ಮತ್ತು ನಮ್ಮ ಮಂಜಿಷ್ಠದ ದಾಯಾದಿಯಾದ ಗಿಡದ ಬೇರು ಸೇರಿಸಿ, ದಿನಗಟ್ಟಲೆ ಅದ್ದಿ ಒಣಗಿಸಿ ತೆಗೆಯುವ ಕೆಂಪು ಅದು. ಹೊಳೆಯೇ ಕೆಂಪಾಗಿ ಹರಿಯಿತು. ಬಾರ್ಮೆನ್‌ನ ನೂಲು ವ್ಯಾಪಾರಿಯ ಮಗ ಫ್ರೀಡ್ರಿಕ್ ಎಂಗೆಲ್ಸ್ 1839ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಆ ಕೆಂಪು ನೀರಿನ ಬಗ್ಗೆ ಪತ್ರಿಕೆಗೆ ಬರೆದ. ಅದೇ ಬರಹದಲ್ಲಿ ಗಿರಣಿ ಕಾರ್ಮಿಕರ ಬವಣೆಯೂ ಇತ್ತು. ಅವನು ಹುಟ್ಟಿದ ಮನೆ ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು. 1775ರಲ್ಲಿ ಕಟ್ಟಿದ ಅಜ್ಜನ ಮನೆ ಉಳಿದಿದೆ, ಅದು ಈಗ ವಸ್ತುಸಂಗ್ರಹಾಲಯ. ಎರಡನೆಯ ದಿನದ ಬೆಳಗನ್ನು ಅದಕ್ಕೆ ಮೀಸಲಿಟ್ಟಿದ್ದೇನೆ.

ಅಪ್ಪನಿಗೆ ಹೇಳಲೇಬೇಕಾದ ಇನ್ನೊಂದು ಕಥೆ ಬಣ್ಣದ ಪುಡಿಯದು. 1863ರಲ್ಲಿ ಬಣ್ಣದ ವ್ಯಾಪಾರಿ ಫ್ರೀಡ್ರಿಕ್ ಬಾಯರ್ ಮತ್ತು ಬಣ್ಣಗಾರ ಯೋಹಾನ್ ವೆಸ್ಕಾಟ್ ಬಾರ್ಮೆನ್‌ನಲ್ಲಿ ಕೃತಕ ಬಣ್ಣದ ಕಾರ್ಖಾನೆ ತೆರೆದರು. ಮೊದಲ ಪ್ರಯೋಗಗಳನ್ನು ಅಡುಗೆಮನೆಯ ಒಲೆಯ ಮೇಲೆಯೇ ಮಾಡಿದ್ದರು. 1868ರಲ್ಲಿ ಬರ್ಲಿನ್‌ನ ಗ್ರೇಬೆ ಮತ್ತು ಲೀಬರ್ಮನ್ ಆ ಬೇರಿನ ಕೆಂಪನ್ನು, ಅಲಿಜರಿನ್ ಅನ್ನು, ಪ್ರಯೋಗಾಲಯದಲ್ಲೇ ತಯಾರಿಸಿದರು. ಎಲ್ಬರ್ಫೆಲ್ಡ್‌ನ ಕಾರ್ಖಾನೆಗಳೂ ಅದನ್ನು ಮಾಡತೊಡಗಿದವು. ಬೇರು ಬೆಳೆಯುತ್ತಿದ್ದ ರೈತರ ಹೊಲಗಳು ಎಷ್ಟೋ ದೇಶಗಳಲ್ಲಿ ಬರಿದಾದವು. ನಮ್ಮಜ್ಜ ಸೆರಗಿನ ಕೆಂಪಿಗೆ ತರುತ್ತಿದ್ದ ಡಬ್ಬಿಗೆ ಮನೆಮಂದಿಯೆಲ್ಲ 'ಜರ್ಮನ್ ಬಣ್ಣ' ಎನ್ನುತ್ತಿದ್ದರು. ಅದು ಯಾವ ಊರಿನಿಂದ ಬರುತ್ತದೆಂದು ಯಾರೂ ಕೇಳಿರಲಿಲ್ಲ.

ಬಣ್ಣದ ರಸಾಯನವೇ ಮುಂದೆ ಔಷಧವಾಯಿತು. 1897ರಲ್ಲಿ ಎಲ್ಬರ್ಫೆಲ್ಡ್‌ನ ಬಾಯರ್ ಪ್ರಯೋಗಾಲಯದಲ್ಲಿ ಫೆಲಿಕ್ಸ್ ಹಾಫ್‌ಮನ್ ತಯಾರಿಸಿದ ಪುಡಿ ಎರಡು ವರ್ಷಗಳ ನಂತರ ಆಸ್ಪಿರಿನ್ ಎಂಬ ಹೆಸರು ಪಡೆಯಿತು. 1912ರಲ್ಲಿ ಕಂಪನಿಯ ಮುಖ್ಯ ಕಚೇರಿ ಲೆವರ್ಕುಸೆನ್‌ಗೆ ಹೋಯಿತು. ವುಪ್ಪರ್ ರೈನ್ ನದಿಯನ್ನು ಸೇರುವುದೂ ಅಲ್ಲಿಯೇ.

ತೂಗುರೈಲೂ ಹೊಳೆಯದೇ ಕೊಡುಗೆ. ನೀರಿಗಾಗಿ ಗಿರಣಿಗಳೂ ಮನೆಗಳೂ ದಡಕ್ಕೆ ಒತ್ತೊತ್ತಾಗಿ ನಿಂತಿದ್ದರಿಂದ ಕಣಿವೆಯಲ್ಲಿ ಹಳಿ ಹಾಸಲು ನೆಲ ಉಳಿದಿರಲಿಲ್ಲ. ಕಲೋನ್‌ನ ಎಂಜಿನಿಯರ್ ಓಯ್ಗನ್ ಲಾಂಗನ್ ರೂಪಿಸಿದ ವಿಧಾನದಂತೆ ಉಕ್ಕಿನ ಕಾಲುಗಳನ್ನು ದಡಗಳಿಗೆ ಊರಿ, ಹೊಳೆಯ ಮೇಲೆಯೇ ಹಳಿ ಕಟ್ಟಿದರು. 1901ರ ಮಾರ್ಚ್ 1ರಂದು ಜನಸಂಚಾರ ಶುರುವಾಯಿತು. ದಾರಿ 13.3 ಕಿಲೋಮೀಟರ್, ನಿಲ್ದಾಣ 20. ಸುಮಾರು 10 ಕಿಲೋಮೀಟರ್ ಹೊಳೆಯ ಮೇಲೆಯೇ ಸಾಗುತ್ತದೆ. ಮೊದಲ ದಿನ ಮಧ್ಯಾಹ್ನ ಫೋವಿಂಕೆಲ್‌ನಿಂದ ಓಬರ್‌ಬಾರ್ಮೆನ್‌ವರೆಗೆ ಅರ್ಧ ಗಂಟೆ ಪೂರ್ತಿ ಕೂರಬೇಕು. ನಡುವೆ ಬಾಯರ್ ಕಾರ್ಖಾನೆಯ ಕಟ್ಟಡಗಳು ಎರಡೂ ಮಗ್ಗುಲಿಗೆ ಕಾಣುತ್ತವೆ. ಅಪ್ಪನನ್ನು ಕಿಟಕಿಯ ಪಕ್ಕ ಕೂರಿಸುತ್ತೇನೆ.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1879ರ ಹಳೆಯ ರೈಲುದಾರಿ ಈಗ ಸೈಕಲ್ ಹಾದಿ. ಹೊಳೆ ತಿಳಿಯಾಗಿದೆ, ಮೀನುಗಳು ಮರಳಿವೆ. ಮಗ್ಗದ ಸದ್ದು ನಿಂತ ಓಣಿಗಳನ್ನು ಇಳಕಲ್ಲಿನಲ್ಲೂ ಕಂಡವಳು ನಾನು. ಹಾಗಾಗಿ ಆ ತಿಳಿನೀರಿನ ಬೆಲೆ ಏನೆಂದು ನನಗೆ ಗೊತ್ತು. ಆ ನೀರು ಕೆಂಪಾಗಿದ್ದಾಗ ಅದರಲ್ಲಿ ಕೈ ಅದ್ದಿ ದುಡಿದವರನ್ನು ನೆನೆಯದೆ ಊರು ನೋಡಿ ಬರಲು ನನಗೆ ಮನಸ್ಸಿಲ್ಲ.

ಇಷ್ಟನ್ನೂ ಮೊನ್ನೆ ಅಪ್ಪನಿಗೆ ಹೇಳಿದೆ. ನೀರು ಮೆತ್ತಗಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಒಂದು ಬಿಳಿ ಲಡಿ ಇಟ್ಕೊಂಡ ಬರ್ತೀನಿ, ತೋಯ್ಸಿ ನೋಡೂಣು" ಅಂದರು. ದಡಕ್ಕೆ ಇಳಿಯಲು ಬರುವ ಜಾಗವೊಂದನ್ನು ಹುಡುಕಿಟ್ಟಿದ್ದೇನೆ. ಎರಡನೆಯ ದಿನದ ಮಧ್ಯಾಹ್ನ ಅಲ್ಲಿಗೇ.