ನೋಯುವ ಕಾಲನ್ನು ನಂಬಬಹುದೆ?

ಕಳೆದ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ನಮ್ಮೂರಿನ ನಾಲ್ಕೈದು ತರುಣರು ನನ್ನ ಮನೆಯ ಜಗಲಿಗೆ ಬಂದು ಕುಳಿತರು. ಒಬ್ಬನ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ; ಅದರಲ್ಲಿ ಹದಿನಾರು ಹೆಸರುಗಳು. ಊರಿನ ಫುಟ್‌ಬಾಲ್ ತಂಡದ ಆ ವರ್ಷದ ಪಟ್ಟಿ ಅದು. ಹದಿನೈದು ಹೆಸರುಗಳ ವಿಷಯದಲ್ಲಿ ಅವರಿಗೆ ತಕರಾರಿರಲಿಲ್ಲ. ಕೊನೆಯ ಹೆಸರಿನ ಮುಂದೆ ಮಾತ್ರ ಪೆನ್ಸಿಲಿನಿಂದ ಒಂದು ಪ್ರಶ್ನೆಯ ಗುರುತು ಹಾಕಿದ್ದರು. ಹುಡುಗನಿಗೆ ಹದಿನೇಳು ವರ್ಷ. ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಹುಟ್ಟಿದೆಯೇನೊ ಎನ್ನುವಂಥ ಆಟ. ಆದರೆ ಎರಡು ವರ್ಷಗಳಲ್ಲಿ ಮೂರು ಸಲ ಮೊಣಕಾಲು ಉಳುಕಿಸಿಕೊಂಡು ಮಂಚ ಹಿಡಿದವನು. “ಮಾಸ್ತರ್ರೇ, ಇವನನ್ನು ನಂಬಬಹುದೆ? ನೀವೇ ಹೇಳಬೇಕು” ಎಂದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಗೆ ಒಮ್ಮೆ ಅವಸರದಲ್ಲಿ ಉತ್ತರ ಕೊಟ್ಟು ಕೆಟ್ಟವನು ನಾನು.

ನಮ್ಮೂರು ಕದ್ವಾಡ, ಕಾಳಿ ನದಿಯ ದಂಡೆಯ ಮೇಲಿರುವ ಊರು. ಕಾರವಾರಕ್ಕೆ ಆ ಹೆಸರು ಬಂದದ್ದೇ ನಮ್ಮೂರಿನ ಹೆಸರಿನಿಂದ ಎಂದು ಹಿರಿಯರು ಹೇಳುತ್ತಾರೆ. ಊರಿನವನಾದ ನಾನು ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ. ಉತ್ತರಕ್ಕೆ ಕೈಚಾಚಿದರೆ ಗೋವೆ. ಅಲ್ಲಿ ಕಾಲ್ಚೆಂಡಾಟವೆಂದರೆ ಬರಿಯ ಆಟವಲ್ಲ, ಊರಿನ ಮಾನ. ಆ ಗಾಳಿ ಗಡಿ ದಾಟಿ ಕಾರವಾರಕ್ಕೂ ಬೀಸಿದೆ, ಅಂಕೋಲೆಯ ಕಡೆಗೂ ಸುಳಿದಿದೆ. ನಮ್ಮ ಚಿಕ್ಕಂದಿನಲ್ಲಿ ಮೈದಾನವೆಂದರೆ ಕೊಯ್ಲಾದ ಗದ್ದೆ. ಭತ್ತದ ಕೂಳೆ ಬರಿಗಾಲಿಗೆ ಚುಚ್ಚುತ್ತಿತ್ತು. ಒಣಗಿದ ಮಣ್ಣಿನ ಹೆಂಟೆಯ ಮೇಲೆ ಕಾಲಿಟ್ಟರೆ ಹರಡು ಹೊರಳುತ್ತಿತ್ತು. ಎದುರಾಳಿಗಿಂತ ಮೊದಲು ನೆಲವೇ ನಮ್ಮನ್ನು ಕೆಡವುತ್ತಿತ್ತೆಂದರೆ ತಪ್ಪಾಗಲಾರದು.

ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಊರಿನ ತಂಡದ ಕಾರ್ಯದರ್ಶಿಯೂ ಆಗಿದ್ದೆ. ಆಗಲೂ ನಮ್ಮಲ್ಲಿ ಹದಿನೇಳರ ಹುಡುಗನೊಬ್ಬನಿದ್ದ. ಆಗಲೂ ಅವನ ಮೊಣಕಾಲೇ ಚರ್ಚೆಯ ವಿಷಯ. ಪಂದ್ಯಾವಳಿಯ ಕೊನೆಯ ಆಟದ ಹಿಂದಿನ ದಿನ ಅವನ ಕಾಲು ಬಾತಿತ್ತು. ಅವನ ತಾಯಿ ಬಾಗಿಲಲ್ಲಿ ನಿಂತು, “ಮಾಸ್ತರೇ, ನಿಮಗೆ ಹನ್ನೊಂದು ಮಂದಿ ಇದ್ದಾರೆ. ನನಗೆ ಇವನೊಬ್ಬನೇ” ಎಂದಳು. ನಾವು ಅರಿಸಿನ ಬಿಸಿಮಾಡಿ ಹಚ್ಚಿ, ಬಟ್ಟೆ ಬಿಗಿದು, ಹುಡುಗನನ್ನು ಆಡಿಸಿದೆವು. ಅವನೂ ಬೇಡವೆನ್ನಲಿಲ್ಲ, ಹದಿನೇಳರ ವಯಸ್ಸಿನವರು ಯಾರೂ ಬೇಡವೆನ್ನುವುದಿಲ್ಲ. ಅವನು ಒಂದು ಗೋಲು ಹೊಡೆದ, ನಾವು ಗೆದ್ದೆವು. ಆಮೇಲೆ ಅವನು ಆಡಲಿಲ್ಲ. ಆಡುವುದು ಹಾಗಿರಲಿ, ದೋಣಿಯ ಅಂಚಿನ ಮೇಲೆ ಕಾಲೂರಿ ನಿಲ್ಲುವುದೂ ಅವನಿಗೆ ಕಷ್ಟವಾಯಿತು. ಆ ಗೆಲುವಿನ ಬಟ್ಟಲು ಎಲ್ಲಿ ಹೋಯಿತೆಂದು ಇಂದು ಯಾರಿಗೂ ಗೊತ್ತಿಲ್ಲ. ಅವನು ಕುಂಟುತ್ತ ಸಂತೆಗೆ ಹೋಗುವುದನ್ನು ಮಾತ್ರ ನಾನು ಬಹಳ ವರ್ಷ ನೋಡಿದೆ.

ಆದ್ದರಿಂದ ಪ್ರತಿಭೆಯುಳ್ಳ, ಆದರೆ ಪದೇ ಪದೇ ಗಾಯಗೊಳ್ಳುವ ತರುಣನನ್ನು ತಂಡ ನೆಚ್ಚಿಕೊಳ್ಳಬೇಕೆ ಎಂಬ ಪ್ರಶ್ನೆ ನನಗೆ ಕೇವಲ ಕ್ರೀಡಾಪುಟದ ಪ್ರಶ್ನೆಯಲ್ಲ. ಅದಕ್ಕೆ ಇತಿಹಾಸ ಏನು ಹೇಳುತ್ತದೆಂದು ಆಮೇಲಿನ ವರ್ಷಗಳಲ್ಲಿ ಹುಡುಕಿ ನೋಡಿದ್ದೇನೆ.

ಮೊದಲು ಒಂದು ವಿಷಯವನ್ನು ನೆನೆಯಬೇಕು. ಕಾಲ್ಚೆಂಡಾಟದ ಪಂದ್ಯಗಳಲ್ಲಿ ಬಹುಕಾಲ ಬದಲಿ ಆಟಗಾರನೆಂಬುವನೇ ಇರಲಿಲ್ಲ. ಗಾಯಗೊಂಡವನು ಹೊರಗೆ ಹೋದರೆ ಉಳಿದವರು ಹತ್ತೇ ಮಂದಿ. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಗಾಯಾಳುವಿನ ಬದಲು ಇನ್ನೊಬ್ಬನನ್ನು ಇಳಿಸಲು ಅವಕಾಶವಾದದ್ದು 1965–66ರ ಸಾಲಿನಲ್ಲಿ. ವಿಶ್ವಕಪ್ಪಿನ ಕೂಟದಲ್ಲಿ 1970ರಲ್ಲಿ. 1962ರಲ್ಲಿ ಚಿಲಿಯಲ್ಲಿ ಪೆಲೆ ಎರಡನೆಯ ಪಂದ್ಯದಲ್ಲಿಯೇ ಗಾಯಗೊಂಡಾಗ ಬ್ರೆಜಿಲ್ ಅವನ ಬದಲು ಯಾರನ್ನೂ ಇಳಿಸುವಂತಿರಲಿಲ್ಲ. ಅಂಥ ಕಾಲದಲ್ಲಿ ನೋಯುವ ಕಾಲಿನವನನ್ನು ಆರಿಸುವುದೆಂದರೆ ಉಳಿದ ಹತ್ತು ಮಂದಿಯ ಬೆನ್ನ ಮೇಲೆ ಹೊರೆ ಹೊರಿಸಿದಂತೆಯೇ. ಹಳೆಯ ತಂಡಗಳ ನಿಷ್ಠುರತೆಗೆ ಈ ಕಾರಣವೂ ಇತ್ತೆಂಬುದನ್ನು ನಾವು ಮರೆಯಬಾರದು.

ನಮ್ಮವರ ಕಥೆ ಇನ್ನೂ ಬೇರೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿದಾಗ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಅಂದು ಭಾರತದ ಏಕೈಕ ಗೋಲನ್ನು ಹೊಡೆದವನು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ನಾವು 2–1ರಿಂದ ಸೋತೆವು. ಆ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1952ರ ಹೆಲ್ಸಿಂಕಿ ಕೂಟಕ್ಕೂ ಹೋದ. ಅಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಬಗ್ಗುಬಡಿದಾಗ ನಮ್ಮ ಆ ಒಂದು ಗೋಲು ಅವನದೇ. ಅದಾದ ಮೇಲೆಯೇ ಬೂಟು ಕಡ್ಡಾಯವಾದದ್ದು. ಬರಿಗಾಲನ್ನು ನಾವು ಶೌರ್ಯವೆಂದು ಹಾಡಿ ಹೊಗಳಿದ್ದೇವೆ. ಆ ಹೊಗಳಿಕೆಯಲ್ಲಿ ಎಷ್ಟು ಬೆರಳುಗಳು ಮುರಿದವೆಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ.

ಇನ್ನು ನಂಬಿಕೆಯ ಮಾತು. ನಮ್ಮ ನಾಡಿನ ಅತ್ಯುತ್ತಮ ನಿದರ್ಶನ ಕಾಲ್ಚೆಂಡಾಟದ್ದಲ್ಲ, ಕ್ರಿಕೆಟ್ಟಿನದು. ಆದರೂ ಪ್ರಶ್ನೆ ಅದೇ ಆದ್ದರಿಂದ ಹೇಳುತ್ತೇನೆ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಎಳವೆಯಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತು. ಚೆಂಡನ್ನು ದೂರದಿಂದ ಎಸೆಯಬೇಕಾದಾಗ ಎಡಗೈಯನ್ನೇ ಬಳಸುತ್ತಿದ್ದ ಅವರು ಬೌಲಿಂಗ್ ಮಾಡುತ್ತಿದ್ದುದು ಮಾತ್ರ ಆ ಸೊರಗಿದ ಕೈಯಿಂದಲೇ. ಮೈಸೂರು ರಾಜ್ಯದ ತಂಡ ಅವರನ್ನು ಹದಿನೆಂಟರಲ್ಲಿ ಸೇರಿಸಿಕೊಂಡಿತು. ಅದೇ ವಯಸ್ಸಿನಲ್ಲಿ, 1964ರ ಜನವರಿಯಲ್ಲಿ, ಮುಂಬಯಿಯಲ್ಲಿ ಅವರು ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಆಡಿದರು. ಮುಂದೆ 1967–68ರ ಆಸ್ಟ್ರೇಲಿಯ ಪ್ರವಾಸದಲ್ಲಿ ಗಾಯ. ಬಳಿಕ ಸ್ಕೂಟರ್ ಅಪಘಾತ. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಟೆಸ್ಟ್ ಆಡಲಿಲ್ಲ. ಆ ಅಧ್ಯಾಯ ಮುಗಿಯಿತೆಂದು ಯಾರಾದರೂ ಹೇಳಿದ್ದರೆ ಅವರನ್ನು ದೂಷಿಸುವಂತಿರಲಿಲ್ಲ.

ಆದರೆ 1971ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಮತ್ತೆ ಕರೆದರು. ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆಗಸ್ಟ್ 24ರಂದು ಭಾರತ ಆ ನೆಲದಲ್ಲಿ ಮೊದಲ ಟೆಸ್ಟ್ ಗೆಲುವನ್ನೂ ಸರಣಿಯನ್ನೂ ಪಡೆಯಿತು. 1978ರ ಹೊಸ ವರ್ಷದ ಮೊದಲ ವಾರದಲ್ಲಿ ಮುಗಿದ ಮೆಲ್ಬರ್ನ್ ಪಂದ್ಯದಲ್ಲಿ ಎರಡು ಸರದಿಗಳಲ್ಲಿಯೂ 52 ರನ್ನಿಗೆ ಆರಾರು ವಿಕೆಟ್ ಪಡೆದು ಆಸ್ಟ್ರೇಲಿಯದಲ್ಲಿ ಭಾರತದ ಮೊದಲ ಗೆಲುವಿಗೂ ಅವರೇ ಕಾರಣರಾದರು. 58 ಟೆಸ್ಟ್, 242 ವಿಕೆಟ್.

ಇಷ್ಟು ಹೇಳಿ ನಾನು ಕೈಮುಗಿದು ಕುಳಿತುಬಿಡಬಹುದಿತ್ತು. ಆದರೆ ಇಲ್ಲಿ ಒಂದು ಮೋಸವಿದೆ. ನಾವು ನೆನೆಯುವುದು ಗೆದ್ದು ಬಂದವರನ್ನು. ನಂಬಿಕೆಯಿಟ್ಟು ಕಾದ ಮೇಲೂ ಮರಳಿ ಬಾರದವರ ಹೆಸರು ನಮಗೆ ಗೊತ್ತಾಗುವುದೇ ಇಲ್ಲ. ಒಬ್ಬ ಚಂದ್ರಶೇಖರರನ್ನು ತೋರಿಸಿ ಎಲ್ಲ ಹುಡುಗರನ್ನೂ ಕಣಕ್ಕಿಳಿಸಿದರೆ ಅದು ಇತಿಹಾಸದಿಂದ ಪಾಠ ಕಲಿತಂತಲ್ಲ, ಜೂಜಾಡಿದಂತೆ.

ಹಾಲೆಂಡಿನ ಮಾರ್ಕೊ ವಾನ್ ಬಾಸ್ಟನ್‌ನ ಕಥೆ ನೋಡಿ. 1986ರ ಕೊನೆಯಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವನ ಹರಡಿಗೆ ಪೆಟ್ಟು ಬಿತ್ತು. ಪೆಟ್ಟನ್ನು ಹೊತ್ತುಕೊಂಡೇ ಆಡಿದ. 1987ರ ಮೇ ತಿಂಗಳಲ್ಲಿ ಅಯಾಕ್ಸ್ ತಂಡಕ್ಕೆ ಯೂರೋಪಿನ ಕಪ್ ವಿಜೇತರ ಕಪ್ಪನ್ನು ತನ್ನ ಒಂದು ಗೋಲಿನಿಂದ ಗೆದ್ದುಕೊಟ್ಟ. ಅದರ ಮರುವರ್ಷ ಹಾಲೆಂಡಿಗೆ ಯೂರೋಪಿನ ಪಟ್ಟವನ್ನೂ ತಂದ. ಆಮೇಲೆ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. 1993ರಲ್ಲಿ ಅವನು ಕೊನೆಯ ಪಂದ್ಯ ಆಡಿದಾಗ ವಯಸ್ಸು ಇಪ್ಪತ್ತೆಂಟು. ಮಿಲಾನ್ ತಂಡ ಇನ್ನೂ ಎರಡು ವರ್ಷ ಕಾಯಿತು. 1995ರಲ್ಲಿ ಅವನೇ ಸಾಕೆಂದ. ಗೆಲುವಿನ ಲೆಕ್ಕದಲ್ಲಿ ಈ ನಂಬಿಕೆ ಲಾಭದ್ದು. ಹರಡಿನ ಲೆಕ್ಕದಲ್ಲಿ ಏನೆನ್ನೋಣ?

ಹಾಗಾದರೆ ದಾರಿ ಯಾವುದು? ನನಗೆ ದಾರಿ ಕಂಡದ್ದು 1958ರ ಸ್ವೀಡನ್ನಿನಲ್ಲಿ. ಆ ವರ್ಷ ಬ್ರೆಜಿಲ್ ತಂಡದಲ್ಲಿಯೂ ಹದಿನೇಳರ ಹುಡುಗನೊಬ್ಬ ಮೊಣಕಾಲಿನ ನೋವಿನೊಂದಿಗೇ ಹಡಗಲ್ಲ, ವಿಮಾನ ಹತ್ತಿ ಬಂದಿದ್ದ. ಅವನೇ ಪೆಲೆ. ತರಬೇತುದಾರ ಫಿಯೋಲ ಅವನನ್ನು ಮನೆಗೆ ಕಳಿಸಲಿಲ್ಲ. ಹಾಗೆಂದು ಕೂಡಲೇ ಆಡಿಸಲೂ ಇಲ್ಲ. ಆಸ್ಟ್ರಿಯದ ವಿರುದ್ಧ ಆಡಿಸಲಿಲ್ಲ. ಇಂಗ್ಲೆಂಡಿನ ವಿರುದ್ಧ ಆಟ ಗೋಲಿಲ್ಲದೆ ಮುಗಿದಾಗಲೂ ಅವನು ಹೊರಗೇ ಇದ್ದ. ಮೂರನೆಯ ಪಂದ್ಯದಲ್ಲಿ, ಸೋವಿಯತ್ ಒಕ್ಕೂಟದ ಎದುರು, ಅವನೂ ಹುಟ್ಟಿನಿಂದಲೇ ಕಾಲು ಸೊಟ್ಟಗಿದ್ದ ಗರಿಂಚಾನೂ ಮೊದಲ ಬಾರಿಗೆ ಇಳಿದರು. ಮುಂದಿನದು ಎಲ್ಲರಿಗೂ ತಿಳಿದದ್ದೇ: ವೇಲ್ಸ್ ವಿರುದ್ಧ ಒಂದು, ಫ್ರಾನ್ಸ್ ವಿರುದ್ಧ ಮೂರು, ಅಂತಿಮ ಪಂದ್ಯದಲ್ಲಿ ಸ್ವೀಡನ್ ವಿರುದ್ಧ ಎರಡು, ಒಟ್ಟು ಆರು ಗೋಲು. ಆ ಆರು ಗೋಲುಗಳನ್ನು ಜಗತ್ತು ನೆನಪಿಟ್ಟುಕೊಂಡಿದೆ. ಅವನು ಆಡದೆ ಕುಳಿತ ಎರಡು ಪಂದ್ಯಗಳನ್ನು ಯಾರೂ ನೆನೆಯುವುದಿಲ್ಲ. ನನ್ನ ಮಟ್ಟಿಗೆ ಪಾಠವಿರುವುದು ಆ ಎರಡರಲ್ಲಿ.

ನಂಬಿಕೆಯಲ್ಲಿ ಎರಡು ಬಗೆ ಉಂಟು. ಒಂದು, “ನೀನಿಲ್ಲದೆ ಆಗದು, ಇಂದೇ ಆಡು” ಎನ್ನುವುದು. ಇನ್ನೊಂದು, “ನಿನ್ನ ಜಾಗ ನಿನಗಿದೆ, ವಾಸಿಯಾದ ಮೇಲೆ ಬಾ” ಎನ್ನುವುದು. ಮೊದಲನೆಯದು ನಂಬಿಕೆಯ ವೇಷ ತೊಟ್ಟ ಆಸೆ. ನಾನು ಅಂದು ಆ ತಾಯಿಯ ಬಾಗಿಲಲ್ಲಿ ತೋರಿಸಿದ್ದು ಅದನ್ನೇ.

ಇಂದಿನ ವೈದ್ಯರ ತಿಳಿವಳಿಕೆಯೂ ಇದನ್ನೇ ಹೇಳುತ್ತದೆ. ಒಮ್ಮೆ ಪೆಟ್ಟಾದ ಜಾಗಕ್ಕೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚು. ಹದಿಹರೆಯದಲ್ಲಿ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಎಳೆಯದಾದ ಆ ತುದಿಗಳಿಗೆ ಏಟು ಬಿದ್ದರೆ ಬೆಳವಣಿಗೆಯೇ ತಪ್ಪಬಹುದು. ಮೊಣಕಾಲಿನೊಳಗಿನ ಮುಖ್ಯ ಕಟ್ಟು ಹರಿದು ಶಸ್ತ್ರಚಿಕಿತ್ಸೆಯಾದವನು ಒಂಬತ್ತು ತಿಂಗಳಾದರೂ ಸ್ಪರ್ಧೆಯಿಂದ ದೂರವಿರಬೇಕೆಂದು ಹೇಳುತ್ತಾರೆ. ನೋವು ಹೋಯಿತೆಂದರೆ ಗಾಯ ಮಾಯಿತೆಂದು ಅರ್ಥವಲ್ಲ. ಬೇರೆ ಕಡೆಯ ಸ್ನಾಯುಗಳನ್ನು ಬಲಪಡಿಸುವ ಕ್ರಮಬದ್ಧ ವ್ಯಾಯಾಮಕ್ಕೆ ದುಡ್ಡೇನೂ ಬೇಕಾಗಿಲ್ಲ, ಬೇಕಾದದ್ದು ತಾಳ್ಮೆ. ಅದೊಂದು ಮಾತ್ರ ನಮ್ಮ ಪಂದ್ಯಾವಳಿಗಳಲ್ಲಿ ದುರ್ಲಭ.

ಇದಕ್ಕೆ ಎದುರಾಗಿ ಒಂದು ನ್ಯಾಯವಾದ ಮಾತಿದೆ. ನನ್ನ ಜಗಲಿಯಲ್ಲಿ ಕುಳಿತ ತರುಣರಲ್ಲಿ ಒಬ್ಬ ಅದನ್ನು ಹೇಳಿಯೂ ಹೇಳಿದ: “ಮಾಸ್ತರ್ರೇ, ದಿನವೂ ಬೆಳಗ್ಗೆ ಬಂದು ಓಡುವ ಹುಡುಗನೊಬ್ಬ ಹೊರಗಿದ್ದಾನೆ. ಇವನಿಗಾಗಿ ಅವನ ಜಾಗ ಕಾದಿಡುವುದು ಸರಿಯೆ?” ಸರಿಯಲ್ಲ. ದೊಡ್ಡ ಕ್ಲಬ್ಬುಗಳಿಗೆ ಕಾಯಲು ಹಣವಿದೆ. ಊರಿನ ತಂಡಕ್ಕೆ ಇರುವುದು ಹದಿನಾರು ಅಂಗಿಗಳು. ಸಾಧಾರಣ ಪ್ರತಿಭೆಯವನ ನಿಷ್ಠೆಯನ್ನು ಅಸಾಧಾರಣ ಪ್ರತಿಭೆಯವನ ಆಸೆಗಾಗಿ ಬಲಿಕೊಡಬಾರದು. ಆದ್ದರಿಂದ ಈ ವರ್ಷ ಆಡುವವನು ಆ ಓಡುವ ಹುಡುಗನೇ ಆಗಲಿ ಎಂದೆ. ಆದರೆ ಹದಿನಾರನೆಯ ಹೆಸರನ್ನು ಅಳಿಸಬೇಡಿ, ಹದಿನೇಳನೆಯದಾಗಿ ಬರೆಯಿರಿ ಎಂದೂ ಹೇಳಿದೆ. ಅವನು ಅಭ್ಯಾಸಕ್ಕೆ ಬರಲಿ, ಚಿಕ್ಕವರಿಗೆ ಚೆಂಡು ಹಿಡಿತದಲ್ಲಿಡುವುದನ್ನು ಕಲಿಸಲಿ, ತಂಡದ ಜೊತೆ ಗಾಡಿ ಹತ್ತಲಿ. ವೈದ್ಯರು ಹೂಂ ಅನ್ನುವವರೆಗೆ ಬೂಟು ಮಾತ್ರ ಅವನ ತಾಯಿಯ ಪೆಟ್ಟಿಗೆಯಲ್ಲಿರಲಿ. ಜೊತೆಗೆ ಅವನ ಓದು ನಿಲ್ಲದಿರಲಿ. 1970ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ತೊಸ್ತಾವ್ ಕಣ್ಣಿನ ಗಾಯದಿಂದಾಗಿ ಇಪ್ಪತ್ತಾರರಲ್ಲಿಯೇ ಆಟ ಬಿಡಬೇಕಾಯಿತು. ಅವನು ಓದಿ ವೈದ್ಯನಾದ.

ತರುಣರು ಹಾಳೆಯ ಮೇಲಿನ ಪ್ರಶ್ನೆಯ ಗುರುತನ್ನು ಉಜ್ಜಿದರು. ಅವರಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ನಾನು ಹೇಳಲಾರೆ. ಗೆಲ್ಲಬೇಕೆನ್ನುವ ವಯಸ್ಸು ಅವರದು. ಆ ವರ್ಷ ತಂಡ ಎರಡನೆಯ ಸುತ್ತಿನಲ್ಲಿಯೇ ಸೋತಿತು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವೆಂದು ಕೆಲವರು ನನಗೆ ಕೇಳುವಂತೆಯೇ ಅಂದರು. ಇರಬಹುದು.

ಮೊನ್ನೆ ಸಂಜೆ ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದಾಗ ಆ ಹುಡುಗ ಎದುರಾದ. ಮೈದಾನದ ಸುತ್ತ ನಿಧಾನವಾಗಿ ಓಡುತ್ತಿದ್ದ. ನನ್ನನ್ನು ಕಂಡು ನಿಂತು, “ಮಾಸ್ತರ್ರೇ, ಇನ್ನೂ ಎರಡು ತಿಂಗಳಂತೆ” ಎಂದ. ನಾನು ಅವನ ಮುಖ ನೋಡುವ ಮೊದಲು ಮೊಣಕಾಲು ನೋಡಿದೆ. ಐವತ್ತು ವರ್ಷಗಳ ಹಿಂದೆ ನೋಡಬೇಕಾಗಿದ್ದುದು ಅದನ್ನೇ.