ಆಯುಸ್ಸು ಸಿಕ್ಕಿತು, ಆಮೇಲೆ? ಮಾನ್ವಿಯಿಂದ ಮೊಬೈಲ್ ಕ್ಲಾಸ್‌ವರೆಗೆ ಮುಪ್ಪಿನ ಪಾಠದ ಕಥೆ

ಇವತ್ತಿನ ಕಥೆ ರಾಯಚೂರು ಜಿಲ್ಲೆಯದು. ಶುರು ಮಾನ್ವಿಯಿಂದ.

ಹದಿನೆಂಟನೇ ಶತಮಾನ. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಅದೇ ಸೀಮೆಯ ಚೀಕಲಪರ್ವಿಯ ವಿಜಯದಾಸರನ್ನ, ಕನ್ನಡದಲ್ಲಿ ಹಾಡಿಕೊಂಡು ತಿರುಗೋ ದಾಸರು ಅಂತ ಕಡೆಗಣಿಸಿದರಂತೆ. ಆಮೇಲೆ ತಡೆಯಲಾರದ ಹೊಟ್ಟೆನೋವು ಬಂತು. ಇನ್ನು ಆಯುಸ್ಸು ಮುಗೀತು ಅನ್ನೋ ಹೊತ್ತಿಗೆ ವಿಜಯದಾಸರು ಅವರನ್ನ ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಅವರು ತಮ್ಮ ಆಯುಸ್ಸಿನಿಂದಲೇ 40 ವರ್ಷ ತೆಗೆದು ಕೊಟ್ಟರು ಅನ್ನೋದು ಐತಿಹ್ಯ. ಹಾಗೆ ಬದುಕಿದ ಪಂಡಿತರೇ ಜಗನ್ನಾಥದಾಸರಾದರು, ಹರಿಕಥಾಮೃತಸಾರ ಬರೆದರು, 80 ದಾಟಿ 1809ರಲ್ಲಿ ತೀರಿಕೊಂಡರು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನಗೆ ಕುತೂಹಲ ಬೇರೆ ಕಡೆ. ಆಯುಸ್ಸು ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಕೊಟ್ಟ ವರ್ಷಗಳಲ್ಲಿ, ಆ ಎಪ್ಪತ್ತು ಎಂಬತ್ತರ ವಯಸ್ಸಲ್ಲಿ, ಅವರ ಕೈ ಹಿಡಿದು ನಡೆಸಿದ್ದು ಯಾರು? ಅದನ್ನ ಯಾರೂ ಹೇಳಲ್ಲ. ಈ ಮರೆವು ಬರೀ ದಾಸರ ಕಥೆಯದಲ್ಲ. ವೈದ್ಯಶಾಸ್ತ್ರದ್ದೂ ಹೌದು.

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸು. ಲಸಿಕೆ, ಆ್ಯಂಟಿಬಯೋಟಿಕ್, ಆಸ್ಪತ್ರೆಯಲ್ಲಿ ಹೆರಿಗೆ, ಇವೆಲ್ಲ ಸೇರಿ ನಮಗೆ ಹೆಚ್ಚೂ ಕಡಿಮೆ ಗೋಪಾಲದಾಸರು ಕೊಟ್ಟಷ್ಟೇ ವರ್ಷ ಕೊಟ್ಟವು. 2011ರ ಜನಗಣತಿ ಹೊತ್ತಿಗೆ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಜಾಸ್ತಿ. ಇವರನ್ನ ನೋಡ್ಕೊಳ್ಳೋದನ್ನ ಕಲಿತವರು ಎಷ್ಟು ಮಂದಿ ಅನ್ನೋದೇ ಇವತ್ತಿನ ಎಪಿಸೋಡ್.

ಈ ಓದಿನ ಹೆಸರು ಹೊಸದು. ಆಯುರ್ವೇದದ ಎಂಟು ಅಂಗಗಳಲ್ಲಿ ಮುಪ್ಪಿಗೆ ಅಂತಲೇ ಒಂದು, ರಸಾಯನ, ಇತ್ತು ನಿಜ. ಆದರೆ ಜೆರೊಂಟಾಲಜಿ ಅನ್ನೋ ಪದ ಕೊಟ್ಟವರು ರಷ್ಯಾ ಮೂಲದ ವಿಜ್ಞಾನಿ ಮೆಚ್ನಿಕಾಫ್, 1903ರಲ್ಲಿ. 1909ರಲ್ಲಿ ನ್ಯೂಯಾರ್ಕ್‌ನ ವೈದ್ಯ ಇಗ್ನಾಟ್ಸ್ ನಾಷರ್ ಜೆರಿಯಾಟ್ರಿಕ್ಸ್ ಅನ್ನೋ ಪದ ತಂದರು. ಎರಡಕ್ಕೂ ವ್ಯತ್ಯಾಸ ಇದೆ, ಇಲ್ಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಜೆರಿಯಾಟ್ರಿಕ್ಸ್ ಅಂದ್ರೆ ವಯಸ್ಸಾದವರ ಕಾಯಿಲೆಗೆ ಚಿಕಿತ್ಸೆ, ಅದು ಡಾಕ್ಟರ್ ಕೆಲಸ. ಜೆರೊಂಟಾಲಜಿ ಅಂದ್ರೆ ಮುಪ್ಪಿನ ಪೂರ್ತಿ ಓದು. ದೇಹ, ಮನಸ್ಸು, ಒಂಟಿತನ, ಮನೆಯ ಮೆಟ್ಟಿಲು, ಪಿಂಚಣಿ, ದುಡಿದು ದುಡಿದು ಗೆರೆ ಸವೆದು ಯಂತ್ರದಲ್ಲಿ ಬೀಳದ ಹೆಬ್ಬೆಟ್ಟು, ಎಲ್ಲವೂ ಅದರೊಳಗೆ. ಇದನ್ನ ನರ್ಸ್, ಫಿಸಿಯೋಥೆರಪಿಸ್ಟ್, ಸಮಾಜ ಕಾರ್ಯಕರ್ತರು, ಯಾರು ಬೇಕಾದರೂ ಓದಬಹುದು.

ನಾಷರ್ ಬಗ್ಗೆ ಒಂದು ಪ್ರಸಂಗ ಇದೆ. ವಿದ್ಯಾರ್ಥಿಯಾಗಿದ್ದಾಗ ಅನಾಥಾಲಯಕ್ಕೆ ಹೋಗಿದ್ದರು. ಒಬ್ಬ ಮುದುಕಿ ನೋವು ಅಂತ ಗೋಳಾಡ್ತಿದ್ದಳು. ಏನಾಗಿದೆ ಅಂತ ಕೇಳಿದರೆ, ಜತೆಗಿದ್ದ ಹಿರಿಯ ವೈದ್ಯ ವಯಸ್ಸಾಗಿದೆ ಅಷ್ಟೇ, ಮಾಡೋಕೆ ಏನೂ ಇಲ್ಲ ಅಂದರಂತೆ.

ಕೇಳಿದ ಹಾಗಿದೆಯಾ? ನನ್ನ ಅಜ್ಜಿ ದೇವದುರ್ಗ ತಾಲೂಕಿನವಳು. ತಲೆ ತಿರುಗಿ ಎರಡು ಸಲ ಬಿದ್ದಳು. ತೋರಿಸಿದ ಕಡೆಯೆಲ್ಲ ಒಂದೇ ಮಾತು, "ವಯಸ್ಸಾಗ್ಯಾದಲ್ಲ ಅಮ್ಮಾ, ಇರೋದೇ ಅದು." ಮೂರನೇ ಸಲ ಒಬ್ಬ ನರ್ಸ್ ಸಿಕ್ಕರು. "ಮನ್ಯಾಗಿರೋ ಗುಳಿಗಿ ಎಲ್ಲಾ ತರ್ರಿ" ಅಂದರು. ಅಜ್ಜಿ ಕ್ಯಾರಿಬ್ಯಾಗ್ ಸುರಿದಳು. ಮೂರು ಜನ ಡಾಕ್ಟರು ಬೇರೆ ಬೇರೆ ಹೊತ್ತಲ್ಲಿ ಬರೆದುಕೊಟ್ಟ ಪಟ್ಟಿಗಳು. ಬಿಪಿ ಗುಳಿಗಿ ಎರಡು ಹೆಸರಲ್ಲಿ ಎರಡು ಸಲ, ಮೇಲೆ ನಿದ್ದೆ ಗುಳಿಗಿ. ಡಾಕ್ಟರಿಗೆ ತೋರಿಸಿ ಒಂದೊಂದಾಗಿ ಕಡಿಮೆ ಮಾಡಿಸಿದರು. ತಲೆ ತಿರುಗೋದು ನಿಂತಿತು. ಎಲ್ಲಿ ಕಲಿತ್ರಿ ಅಂತ ಕೇಳಿದೆ. "ಮೊಬೈಲ್‌ನಾಗ ಒಂದು ಕ್ಲಾಸ್ ಇತ್ತು ರೀ. ನೈಟ್ ಡ್ಯೂಟಿ ಮುಗಿಸಿ ಕೇಳ್ತಿದ್ದೆ" ಅಂದರು. ಈ ಎಪಿಸೋಡ್ ಹುಟ್ಟಿದ್ದು ಆ ಮಾತಿನಿಂದ.

ಸರಿ, ಇತಿಹಾಸಕ್ಕೆ ವಾಪಸ್. 1935, ಲಂಡನ್ ಪಕ್ಕದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ. ಪಕ್ಕದಲ್ಲಿದ್ದ ಬಡವರ ಆಸ್ಪತ್ರೆಯ 714 ರೋಗಿಗಳ ಹೊಣೆ ಮಾರ್ಜರಿ ವಾರೆನ್ ಅನ್ನೋ ಡಾಕ್ಟರ್ ತಲೆಗೆ ಬಿತ್ತು. ಹೆಚ್ಚಿನವರು ಹಾಸಿಗೆ ಹಿಡಿದು ವರ್ಷಗಳಾದ ಮುದುಕರು. ಆಕೆ ಮಾಡಿದ್ದೇನು ಗೊತ್ತಾ? ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದರು. ಎಬ್ಬಿಸಿ ಕೂರಿಸಿದರು, ನಡೆಸಿದರು, ವಾರ್ಡಿಗೆ ಬಣ್ಣ ಹೊಡೆಸಿದರು. ಎಷ್ಟೋ ಜನ ಎದ್ದು ಮನೆಗೇ ಹೋದರು. ಹಾಸಿಗೆಗೆ ಅಂಟಿಸಿದ್ದು ಮುಪ್ಪಲ್ಲ, ಮಲಗಿಸಿ ಮರೆತದ್ದು. ಬ್ರಿಟನ್ನಿನಲ್ಲಿ ಈ ವಿದ್ಯೆ ಬೆಳೆದದ್ದು ಅಲ್ಲಿಂದ.

ಅದನ್ನ ಬ್ರಿಟನ್ನಿನಲ್ಲಿ ಕಲಿತು ಬಂದ ಡಾ. ವಿ.ಎಸ್. ನಟರಾಜನ್ 1978ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗೇ ಅಂತ ಹೊರರೋಗಿ ವಿಭಾಗ ತೆರೆದರು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ಎಂ.ಡಿ. ಜೆರಿಯಾಟ್ರಿಕ್ಸ್ ಶುರುವಾಯ್ತು. ನಮ್ಮ ಬೆಂಗಳೂರಿನಲ್ಲಿ 1998ರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹುಟ್ಟಿತು.

ಇನ್ನು ರಾಯಚೂರು. ಮುಂಬಯಿಯಿಂದ ಬಂದ ರೈಲು ಹಳಿ, ಮದ್ರಾಸಿನಿಂದ ಬಂದ ಹಳಿ ಒಂದಕ್ಕೊಂದು ಕೂಡಿದ್ದು ಇದೇ ಊರಲ್ಲಿ, 1871ರಲ್ಲಿ. ರೈಲು ಬಂತು, ವಿದ್ಯೆ ಇಳೀಲಿಲ್ಲ. ನಿಜಾಮರ ಕಾಲದಲ್ಲಿ ಇಲ್ಲಿನ ಹುಡುಗ ಡಾಕ್ಟರ್ ಆಗಬೇಕಂದ್ರೆ ಹೈದರಾಬಾದಿಗೆ ಹೋಗಬೇಕು. ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸ್ತಿದ್ದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಪುಸ್ತಕದಲ್ಲಿ ಉರ್ದು! 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದ್ರೆ ರಿಮ್ಸ್, ಬರೋಕೆ 2007 ಆಯ್ತು. 2002ರ ನಂಜುಂಡಪ್ಪ ಸಮಿತಿ ವರದಿಯಲ್ಲಿ ಇಡೀ ರಾಜ್ಯದ ಕಟ್ಟಕಡೆಯ ತಾಲೂಕು ದೇವದುರ್ಗ. ಏಮ್ಸ್ ಬೇಕು ಅಂತ ರಾಯಚೂರಿನವರು 2022ರ ಮೇ ತಿಂಗಳಲ್ಲಿ ಧರಣಿ ಕೂತರು, ಅದು ಸಾವಿರ ದಿನವನ್ನೂ ದಾಟಿತು.

ಹಂಗಾದ್ರೆ ಕಾಲೇಜಿಗೆ ಹೋಗಲಾರದವರ ಹತ್ತಿರ ಓದೇ ಬರಬೇಕು. ಅದಕ್ಕೂ ನಮ್ಮಲ್ಲಿ ಇತಿಹಾಸ ಇದೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯ್ತು. ಮುಪ್ಪಿನ ವೈದ್ಯಕ್ಕೆ ಈ ದಾರಿ ತೆರೆದದ್ದು ಇಗ್ನೋ. ಎಂಬಿಬಿಎಸ್ ಆದವರಿಗೆ ಜೆರಿಯಾಟ್ರಿಕ್ ಮೆಡಿಸಿನ್‌ನಲ್ಲಿ ಪಿಜಿ ಡಿಪ್ಲೊಮಾ. ಪುಸ್ತಕ ಮನೆಗೆ, ಪ್ರಾಕ್ಟಿಕಲ್ ಯಾವುದಾದರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ. ನನ್ನ ಲೆಕ್ಕದಲ್ಲಿ ಬಹಳ ಒಳ್ಳೇ ಏರ್ಪಾಡು. ಆದರೆ ಡಾಕ್ಟರುಗಳಿಗೆ ಮಾತ್ರ. ಅಜ್ಜಿಯ ಗುಳಿಗಿ ಎಣಿಸಿದ ನರ್ಸಮ್ಮನಿಗಲ್ಲ.

ಆಕೆ ನರ್ಸಿಂಗ್‌ನಲ್ಲೇ ಆನ್‌ಲೈನ್ ಸ್ನಾತಕೋತ್ತರ ಪದವಿ ಮಾಡಬಹುದಾ? ಇಲ್ಲ. ಯುಜಿಸಿಯ 2020ರ ನಿಯಮದ ಪ್ರಕಾರ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಪದವಿಗಳನ್ನ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡೋ ಹಾಗಿಲ್ಲ. 2025ರಲ್ಲಿ ಸೈಕಾಲಜಿ, ನ್ಯೂಟ್ರಿಷನ್ ಥರದ್ದನ್ನೂ ಆ ಪಟ್ಟಿಗೆ ಸೇರಿಸಿದರು. ನಿಯಮ ತಪ್ಪು ಅಂತ ನಾನು ಹೇಳಲ್ಲ. ಸೂಜಿ ಹಾಕೋದನ್ನ, ಬಿದ್ದವರನ್ನ ಎತ್ತೋದನ್ನ ಪರದೆ ನೋಡಿ ಕಲಿಯೋಕಾಗಲ್ಲ. ಆದರೆ ಜೆರೊಂಟಾಲಜಿಯ ಅರ್ಧಕ್ಕಿಂತ ಹೆಚ್ಚು ಪಾಠ ಕೇಳಿ, ಓದಿ, ಚರ್ಚೆ ಮಾಡಿ ಕಲಿಯುವಂಥದ್ದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೆರೊಂಟಾಲಜಿ ಶಾಲೆ 1975ರದ್ದು, ಅದು ಈಗ ಮಾಸ್ಟರ್ಸ್ ಪದವಿಯನ್ನ ಆನ್‌ಲೈನ್‌ನಲ್ಲೇ ಕೊಡುತ್ತೆ. ಫೀಸು ಡಾಲರ್‌ನಲ್ಲಿ, ಪಾಠ ಇಂಗ್ಲಿಷ್‌ನಲ್ಲಿ. ಅಂದು ಉರ್ದು, ಇಂದು ಇಂಗ್ಲಿಷ್. ನಮ್ಮ ದೇಶದಲ್ಲಿ ಉಳಿಯೋದು ಸಣ್ಣ ಸಣ್ಣ ಕೋರ್ಸು. ಬೆಂಗಳೂರಿನ ನಿಮ್ಹಾನ್ಸ್ 2018ರಲ್ಲಿ ಡಿಜಿಟಲ್ ಅಕಾಡೆಮಿ ತೆರೆದು ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ಪಾಠವನ್ನ ಆನ್‌ಲೈನ್‌ನಲ್ಲಿ ಕಲಿಸ್ತಿದೆ. ಇದು ಆಗುತ್ತೆ ಅಂದ್ರೆ ಮುಪ್ಪಿನದ್ದೂ ಆಗಬೇಕು, ಅಲ್ವಾ?

ಯಾಕಿಷ್ಟು ಅವಸರ ಅಂದ್ರೆ, ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗೆ ಹೋಗಿ ನೋಡಿ. ಪ್ರಾಯದವರು ಗುಳೆ ಹೋಗಿರ್ತಾರೆ, ಬೆಂಗಳೂರು, ಪುಣೆ, ಮುಂಬಯಿ. ಕಟ್ಟೆ ಮೇಲೆ ಉಳಿದಿರೋರು ಮುದುಕರು, ಅವರ ಜತೆ ಶಾಲೆಗೆ ಹೋಗೋ ಮಕ್ಕಳು. 2010-11ರಲ್ಲಿ ಕೇಂದ್ರ ಸರ್ಕಾರ ಹಿರಿಯರ ಆರೋಗ್ಯಕ್ಕೇ ಅಂತ ರಾಷ್ಟ್ರೀಯ ಕಾರ್ಯಕ್ರಮ ತಂತು. 2018ರ ನಂತರ ಹಳ್ಳಿಯ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದಾಗ ವೃದ್ಧರ ಆರೈಕೆಯೂ ಅವುಗಳ ಕೆಲಸದ ಪಟ್ಟಿಗೆ ಸೇರಿತು. ಅಲ್ಲಿರೋ ಸಮುದಾಯ ಆರೋಗ್ಯ ಅಧಿಕಾರಿ ಹೆಚ್ಚಾಗಿ ನರ್ಸಿಂಗ್ ಓದಿದವರು. ಕೆಲಸ ಅವರ ಹೆಗಲಿಗೆ ಬಂದಿದೆ. ಓದು ಇನ್ನೂ ಬಂದಿಲ್ಲ.

ಆ ನರ್ಸಮ್ಮನಿಗೆ ಮೊನ್ನೆ ಫೋನ್ ಮಾಡಿದ್ದೆ. ಸರ್ಟಿಫಿಕೇಟ್‌ನಿಂದ ಏನಾದರೂ ಅನುಕೂಲ ಆಯ್ತಾ ಮೇಡಂ ಅಂದೆ. "ಸರ್ವಿಸ್ ಬುಕ್‌ನಾಗ ಅದಕ್ಕ ಜಾಗ ಇಲ್ರೀ" ಅಂತ ನಕ್ಕರು. "ಇರಲಿ ಬಿಡ್ರಿ, ಇನ್ನೊಂದು ಕ್ಲಾಸ್‌ಗೆ ಹೆಸರು ಕೊಟ್ಟೀನಿ. ಈ ಸಲ ಮರೆವಿನ ರೋಗದ್ದು. ಅಜ್ಜಿ ಹೆಂಗ ಅದಾರ?"

ಅಜ್ಜಿ ಚೆನ್ನಾಗಿದ್ದಾಳೆ. ಕೋಲು ಹಿಡಿ ಅಂದ್ರೆ ಮಾತ್ರ ಕೇಳಲ್ಲ. ಮುಂದಿನ ವಾರ ಸಿಗೋಣ.